ಬೆಣ್ಣೆಹಣ್ಣಿನ ಪಾನೀಯ ನುಣ್ಣಗೆ ಬರಬೇಕಾದರೆ ಹಾಲು ಮುಖ್ಯವೋ, ಹಣ್ಣೋ?

ನೀಲಿಲೋಟ

ಬೆಣ್ಣೆಹಣ್ಣಿನ ಪಾನೀಯವನ್ನು ಮನೆಯಲ್ಲೇ ಮಾಡುವವರಲ್ಲಿ ಒಂದು ಪ್ರಶ್ನೆ. ತಿರುಳು, ತಣ್ಣನೆಯ ಹಾಲು, ಸಕ್ಕರೆ ಮೂರನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ತಿರುಗಿಸುವುದು ನಮ್ಮ ರೂಢಿ. ಕೆಲವು ಸಲ ಕೆನೆಯಂತೆ ದಟ್ಟವಾಗಿ, ನುಣ್ಣಗೆ ಬರುತ್ತದೆ. ಇನ್ನು ಕೆಲವು ಸಲ ಅದೇ ಅಳತೆ, ಅದೇ ಹಾಲು ಇದ್ದರೂ ನೀರುನೀರಾಗಿ, ನಡುನಡುವೆ ಹಸಿರು ಚೂರುಗಳು ತೇಲುತ್ತಾ, ಕುಡಿದು ಮುಗಿಸಿದ ಮೇಲೆ ನಾಲಗೆಯ ಹಿಂಭಾಗದಲ್ಲಿ ಕಹಿ ಉಳಿಯುತ್ತದೆ. ಕೆನೆ ಸೇರಿಸು, ಐಸ್‌ಕ್ರೀಮ್ ಸೇರಿಸು ಎಂಬ ಸಲಹೆಗಳು ಮನೆಯಲ್ಲಿ ಧಾರಾಳವಾಗಿ ಸಿಗುತ್ತಿವೆ. ಅವನ್ನೆಲ್ಲ ಹಾಕದೆ, ಹಣ್ಣಿನಿಂದಲೇ ಆ ನುಣುಪು ಬರುವಂತೆ ಮಾಡಲು ಸಾಧ್ಯವಿಲ್ಲವೇ? ಆ ಕಹಿ ಎಲ್ಲಿಂದ ಬರುತ್ತದೆ?

ಹಾಲುಜೇನು

ನಿಮ್ಮ ಮನೆಯವರು ಹೇಳುತ್ತಿರುವುದೇ ಸರಿ. ತೆಳು ಹಾಲು ಹಾಕಿದರೆ ತೆಳುವಾಗಿಯೇ ಬರುತ್ತದೆ. ಗಟ್ಟಿ ಹಾಲನ್ನು ಕಾಯಿಸಿ, ಪೂರ್ತಿ ತಣಿಸಿ, ಅದರ ಮೇಲಿನ ಕೆನೆಯನ್ನೂ ಸೇರಿಸಿ ರುಬ್ಬಿ ನೋಡಿ. ಸಕ್ಕರೆಯ ಬದಲು ಕಂಡೆನ್ಸ್ಡ್ ಮಿಲ್ಕ್ ಹಾಕಿದರಂತೂ ಹಣ್ಣು ಹೇಗೇ ಇರಲಿ, ಪಾನೀಯ ಕೈಕೊಡುವುದಿಲ್ಲ.

ತೋಟದ ದಾರಿ

"ಹಣ್ಣು ಹೇಗೇ ಇರಲಿ" ಎಂಬ ಮಾತನ್ನು ಒಪ್ಪಲಾರೆ. ಈ ಪಾನೀಯ ಕೆಡುವುದಿದ್ದರೆ ಮಿಕ್ಸಿಯನ್ನು ಮುಟ್ಟುವ ಮೊದಲೇ ಕೆಟ್ಟಿರುತ್ತದೆ.

ಬೆಣ್ಣೆಹಣ್ಣು ಮರದಲ್ಲಿ ಬಲಿಯುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಕೊಯ್ದ ಮೇಲಷ್ಟೇ ಮೆತ್ತಗಾಗತೊಡಗುತ್ತದೆ. ಕಾಯಿ ಬಲಿತಷ್ಟೂ ತಿರುಳಿನಲ್ಲಿ ನೀರಿನ ಪಾಲು ಇಳಿದು ಎಣ್ಣೆಯ ಪಾಲು ಏರುತ್ತದೆ. ಎಳಸಾಗಿರುವಾಗಲೇ ಕೊಯ್ದ ಕಾಯಿಯನ್ನು ಎಷ್ಟು ದಿನ ಇಟ್ಟರೂ ಅದು ಸಿಪ್ಪೆ ಸುಕ್ಕುಗಟ್ಟಿ, ಒಳಗೆ ರಬ್ಬರಿನಂತೆ ಉಳಿಯುತ್ತದೆಯೇ ವಿನಾ ಬೆಣ್ಣೆಯ ಹದಕ್ಕೆ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹ್ಯಾಸ್ ತಳಿಯ ತಿರುಳಿನಲ್ಲಿ ನೀರು ಕಳೆದು ಉಳಿಯುವ ಒಣ ಅಂಶ ಕನಿಷ್ಠ ಶೇ 20.8 ಇರಬೇಕೆಂದು ನಿಯಮ ಮಾಡಿರುವುದು ಇದೇ ಕಾರಣಕ್ಕೆ. ನೋಡಲು ದೊಡ್ಡದಾಗಿರುವ ಕಾಯಿಯೆಲ್ಲ ಬಲಿತ ಕಾಯಿ ಎಂದುಕೊಳ್ಳುವಂತಿಲ್ಲ.

ಇನ್ನೊಂದು ವಿಷಯ ತಳಿಯದು. ಈ ಹಣ್ಣಿನಲ್ಲಿ ಮೆಕ್ಸಿಕನ್, ಗ್ವಾಟೆಮಾಲನ್, ವೆಸ್ಟ್ ಇಂಡಿಯನ್ ಎಂದು ಮೂರು ಮುಖ್ಯ ಬಳಗಗಳಿವೆ. ವೆಸ್ಟ್ ಇಂಡಿಯನ್ ಬಳಗದ ಹಣ್ಣುಗಳು ಸಾಮಾನ್ಯವಾಗಿ ದೊಡ್ಡವು, ತೆಳು ಸಿಪ್ಪೆಯವು. ಅವುಗಳಲ್ಲಿ ನೀರು ಹೆಚ್ಚು, ಎಣ್ಣೆ ಕಡಿಮೆ. ಹ್ಯಾಸ್‌ನಂತಹ ತಳಿಗಳಲ್ಲಿ ಎಣ್ಣೆ ಹೆಚ್ಚು. ನೀಲಿಲೋಟ ಅವರು ಅದೇ ಅಳತೆ ಎಂದಿದ್ದಾರೆ, ಆದರೆ ಪ್ರತಿಸಲವೂ ಅದೇ ತಳಿ, ಅದೇ ಹದದ ಹಣ್ಣಾಗಿತ್ತೇ?

ನೀಲಿಲೋಟ

ತಳಿಯ ಕಡೆಗೆ ಗಮನ ಕೊಟ್ಟವಳಲ್ಲ. ಸಿಪ್ಪೆ ಕಪ್ಪಾಗಿದ್ದರೆ ಹಣ್ಣು, ಹಸಿರಾಗಿದ್ದರೆ ಕಾಯಿ ಎಂದು ಲೆಕ್ಕ ಹಾಕುತ್ತಿದ್ದೆ. ಅದಷ್ಟು ಸಾಲದೇ?

ಚಮಚ

ಸಾಲದು. ಆ ಲೆಕ್ಕ ಹ್ಯಾಸ್‌ಗೆ ಮತ್ತು ಅದರಂತೆ ಕಪ್ಪಾಗುವ ಕೆಲವು ತಳಿಗಳಿಗೆ ಮಾತ್ರ ಸರಿಹೊಂದುತ್ತದೆ. ರುಡಾಲ್ಫ್ ಹ್ಯಾಸ್ ಎಂಬ ಅಂಚೆ ನೌಕರ ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿ 1935ರಲ್ಲಿ ಪೇಟೆಂಟ್ ಪಡೆದ ಆ ಒಂದು ತಳಿ ಎಷ್ಟು ಹಬ್ಬಿದೆಯೆಂದರೆ, ಅದರ ಗುಣವನ್ನೇ ಎಲ್ಲ ಬೆಣ್ಣೆಹಣ್ಣಿನ ಗುಣ ಎಂದು ಜನ ತಿಳಿದುಬಿಟ್ಟಿದ್ದಾರೆ. ಫುಯೆರ್ಟೆಯಂತಹ ತಳಿಗಳು ಪೂರ್ತಿ ಹಣ್ಣಾದ ಮೇಲೂ ಹಸಿರಾಗಿಯೇ ಇರುತ್ತವೆ. ಬಣ್ಣವನ್ನು ಬಿಟ್ಟು ಕೈಯನ್ನು ನಂಬಿ. ಹಣ್ಣನ್ನು ಅಂಗೈಯಲ್ಲಿಟ್ಟು ಬೆರಳ ತುದಿಯಿಂದಲ್ಲ, ಇಡೀ ಅಂಗೈಯಿಂದ ಮೆಲ್ಲಗೆ ಒತ್ತಿದಾಗ ತುಸು ಒಳಗೆ ಹೋಗಬೇಕು. ತೊಟ್ಟಿನ ಬಳಿಯೂ ಅಷ್ಟೇ ಮೆತ್ತಗಿರಬೇಕು. ಮಧ್ಯಭಾಗ ಮೆತ್ತಗಿದ್ದು ತೊಟ್ಟಿನ ಬಳಿ ಕಲ್ಲಿನಂತಿದ್ದರೆ ಇನ್ನೂ ಒಂದು ದಿನ ಬಿಡಿ.

ಗಡಿಬಿಡಿ

ತೊಟ್ಟನ್ನು ಕಿತ್ತು, ಕೆಳಗೆ ಹಸಿರಿದ್ದರೆ ಒಳ್ಳೆಯದು, ಕಂದು ಬಣ್ಣವಿದ್ದರೆ ಕೆಟ್ಟದ್ದು ಎಂದು ನೋಡುವುದು ಇದಕ್ಕಿಂತ ಸುಲಭವಲ್ಲವೇ?

ಚಮಚ

ನಿಮ್ಮ ಮನೆಯ ಹಣ್ಣಾದರೆ ಧಾರಾಳವಾಗಿ ಕೀಳಿ. ಕೊಳ್ಳುವ ಮೊದಲೇ ರಾಶಿಯಲ್ಲಿರುವ ಹಣ್ಣುಗಳ ತೊಟ್ಟನ್ನೆಲ್ಲ ಕಿತ್ತು ನೋಡಿ ಹಾಗೇ ಬಿಟ್ಟು ಬರಬೇಡಿ; ಆ ತೂತಿನಿಂದ ಗಾಳಿ ಹೊಕ್ಕು, ಮುಂದೆ ಬರುವವರಿಗೆ ಕಪ್ಪಾದ ಹಣ್ಣು ಸಿಗುತ್ತದೆ.

ಮಿಕ್ಸಿಮಾತು

ಹಣ್ಣಿನ ವಿಚಾರ ಸರಿ, ಆದರೆ ಚೂರುಗಳು ತೇಲುವುದಕ್ಕೆ ಪೂರ್ತಿ ಹಣ್ಣನ್ನೇ ಹೊಣೆ ಮಾಡಬೇಡಿ. ಎಲ್ಲವನ್ನೂ ಒಟ್ಟಿಗೆ ಹಾಕಿ ತಿರುಗಿಸುವುದರಲ್ಲೇ ದೋಷವಿದೆ. ಜಾರ್ ತುಂಬ ಹಾಲಿದ್ದರೆ ತಿರುಳಿನ ತುಂಡುಗಳು ಬ್ಲೇಡಿಗೆ ಸಿಕ್ಕದೆ ಹಾಲಿನ ಸುಳಿಯಲ್ಲಿ ಸುತ್ತುತ್ತಲೇ ಇರುತ್ತವೆ. ಚಟ್ನಿ ರುಬ್ಬುವಾಗ ಮೊದಲಿಗೇ ಲೋಟಗಟ್ಟಲೆ ನೀರು ಸುರಿದರೆ ಹೇಗೆ ಕಾಯಿ ತರಿತರಿಯಾಗಿ ಉಳಿಯುತ್ತದೆಯೋ, ಇದೂ ಹಾಗೆಯೇ.

ಮೊದಲು ತಿರುಳು, ಸಕ್ಕರೆ, ಚಿಟಿಕೆ ಉಪ್ಪು, ಬ್ಲೇಡ್ ಮುಳುಗುವಷ್ಟು ಮಾತ್ರ ಹಾಲು ಹಾಕಿ ರುಬ್ಬಿ. ಒಮ್ಮೆ ನಿಲ್ಲಿಸಿ, ಜಾರಿನ ಗೋಡೆಗೆ ಅಂಟಿದ್ದನ್ನು ಚಮಚದಿಂದ ಕೆಳಗೆ ಎಳೆದು, ಮತ್ತೆ ರುಬ್ಬಿ. ಅದು ಹೊಳಪಿನ ಮುದ್ದೆಯಾಗಿ, ಬೆರಳಿನಲ್ಲಿ ಉಜ್ಜಿದಾಗ ತರಿ ಸಿಗಬಾರದು. ಆಮೇಲೆ ಉಳಿದ ತಣ್ಣನೆಯ ಹಾಲನ್ನು ಎರಡು ಕಂತಿನಲ್ಲಿ ಸೇರಿಸಿ, ಕಡಿಮೆ ವೇಗದಲ್ಲಿ ಬೆರೆಯುವಷ್ಟು ಹೊತ್ತು ಮಾತ್ರ ತಿರುಗಿಸಿ. ಸುಮಾರು 150 ಗ್ರಾಂ ತಿರುಳಿಗೆ 300 ಮಿಲಿಲೀಟರ್ ಹಾಲು ಹಾಕಿದರೆ ಎರಡು ಲೋಟ ದಟ್ಟ ಪಾನೀಯ ಆಗುತ್ತದೆ. ನೀರು ಹೆಚ್ಚಿರುವ ಹಣ್ಣಾದರೆ ಹಾಲನ್ನು 200ಕ್ಕೆ ಇಳಿಸಿ. ಮೊದಲೇ ಅಳೆದಿಟ್ಟ ಹಾಲನ್ನೆಲ್ಲ ಸುರಿದೇ ತೀರಬೇಕೆಂಬ ಹಟ ಬೇಡ.

ತುಂಬಾ ಹೊತ್ತು ಜೋರಾಗಿ ತಿರುಗಿಸಿದರೆ ಇನ್ನಷ್ಟು ನುಣ್ಣಗಾಗುತ್ತದೆ ಎಂಬುದೂ ತಪ್ಪು. ಗಾಳಿ ಸೇರಿ ನೊರೆಯಾಗುತ್ತದೆ, ಬಣ್ಣ ಮಾಸುತ್ತದೆ, ಜಾರೂ ಬೆಚ್ಚಗಾಗುತ್ತದೆ.

ಹಾಲುಜೇನು

ನೀವು ಹೇಳಿದಂತೆ ಮುದ್ದೆ ಮಾಡಿಕೊಂಡೇ ನಾನೂ ಮಾಡುವುದು. ಆದರೂ ಕೆನೆ ಹಾಕಿದಾಗ ಬರುವ ರುಚಿ ಬರಿಯ ಹಾಲಿಗೆ ಬರುವುದಿಲ್ಲ ಎಂಬ ನನ್ನ ಮಾತು ಹಾಗೆಯೇ ಉಳಿಯುತ್ತದೆ.

ಸಕ್ಕರೆ ಬೇಡ

ರುಚಿ ನಿಮ್ಮಿಷ್ಟ, ಆದರೆ ನುಣುಪಿಗಾಗಿ ಕೆನೆ ಬೇಕು ಎನ್ನುವುದಕ್ಕೆ ಲೆಕ್ಕ ಕೂಡಿಬರುವುದಿಲ್ಲ. 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು ಇದೆ. ಕೆನೆ ತೆಗೆಯದ ಹಸುವಿನ ಹಾಲಿನಲ್ಲಿ ಅದು ಮೂರೂವರೆ ಗ್ರಾಂ ಆಸುಪಾಸು. ಅಂದರೆ ಲೋಟದಲ್ಲಿರುವ ಜಿಡ್ಡಿನಲ್ಲಿ ದೊಡ್ಡ ಪಾಲು ಹಣ್ಣಿನದ್ದೇ. ಅದರ ಜೊತೆಗೆ 100 ಗ್ರಾಂಗೆ ಸುಮಾರು 7 ಗ್ರಾಂ ನಾರಿನಂಶವೂ ಇರುವುದರಿಂದ ದಟ್ಟತೆ ತಾನಾಗಿಯೇ ಬರುತ್ತದೆ. ಇಷ್ಟಿದ್ದೂ ಕೆನೆ, ಐಸ್‌ಕ್ರೀಮ್, ಕಂಡೆನ್ಸ್ಡ್ ಮಿಲ್ಕ್ ಸುರಿದರೆ ಹಣ್ಣಿನ ರುಚಿ ಎಲ್ಲಿ ಉಳಿಯುತ್ತದೆ?

ಗಡಿಬಿಡಿ

ನಿಮ್ಮ ಹೆಸರಿಗೆ ತಕ್ಕಂತೆ ಸಕ್ಕರೆಯನ್ನೂ ಬಿಡುತ್ತೀರಾ?

ಸಕ್ಕರೆ ಬೇಡ

ಸಕ್ಕರೆಯ ಬದಲು ನೆನೆಸಿದ ಖರ್ಜೂರವನ್ನು ಹಾಕುತ್ತೇನೆ. ಏನೂ ಹಾಕದಿದ್ದರೆ ಸಪ್ಪೆಯಾಗುವುದು ನಿಜ, ಏಕೆಂದರೆ ಹಣ್ಣು ಎಂದು ಕರೆಸಿಕೊಂಡರೂ ಇದರ 100 ಗ್ರಾಂ ತಿರುಳಿನಲ್ಲಿ ಸಕ್ಕರೆ 1 ಗ್ರಾಂ ಕೂಡ ಇರುವುದಿಲ್ಲ. ಖರ್ಜೂರವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಬೀಜ ತೆಗೆದು, ತಿರುಳು ಹಾಕುವ ಮೊದಲೇ ನುಣ್ಣಗೆ ರುಬ್ಬಿಕೊಳ್ಳಬೇಕು. ಇಲ್ಲದಿದ್ದರೆ ಅದರ ಸಿಪ್ಪೆ ಹಲ್ಲಿಗೆ ಸಿಗುತ್ತದೆ. ಬಣ್ಣ ಹಸಿರಾಗಿ ಉಳಿಯದೆ ಕಂದಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಬೆಲ್ಲ ಹಾಕಿದರೂ ಅದೇ ಕಥೆ. ಬಣ್ಣ ಬೇಕೆನ್ನುವವರು ಜೇನುತುಪ್ಪ ಹಾಕಬಹುದು.

ತೋಟದ ದಾರಿ

ಕಹಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ನನಗೆ ಕಂಡಂತೆ ಅದಕ್ಕೆ ಕಾರಣಗಳು ಹಲವು. ಹಣ್ಣಾಗದ ತಿರುಳು ಒಗರಾಗಿಯೂ ಕಹಿಯಾಗಿಯೂ ಇರುತ್ತದೆ; ಸಕ್ಕರೆ ಎಷ್ಟು ಹಾಕಿದರೂ ಅದು ಅಡಗುವುದಿಲ್ಲ. ಎರಡನೆಯದು ಬಿಸಿ. ಈ ತಿರುಳನ್ನು ಬಿಸಿ ಮಾಡಿದರೆ ಕಹಿ ಹುಟ್ಟುತ್ತದೆ, ಹಾಗಾಗಿ ಆಗಷ್ಟೇ ಕಾಯಿಸಿದ ಹಾಲನ್ನು ಇದಕ್ಕೆ ಹಾಕಲೇಬಾರದು. ಹಾಲುಜೇನು ಅವರು "ಪೂರ್ತಿ ತಣಿಸಿ" ಎಂದು ಬರೆದಿದ್ದಾರೆ, ಅವಸರದಲ್ಲಿ ಓದುವವರು ಆ ಎರಡು ಪದಗಳನ್ನು ಹಾರಿಸಿಬಿಡುತ್ತಾರೆ. ಮೂರನೆಯದು, ಸಿಪ್ಪೆಗೆ ಅಂಟಿದ ಕಡು ಹಸಿರು ಪದರವನ್ನೂ ಬೀಜದ ಮೇಲಿನ ಕಂದು ಪೊರೆಯನ್ನೂ ಕೆರೆದು ಹಾಕುವುದು. ಕೊನೆಯದು, ಮಾಡಿಟ್ಟು ಹೊತ್ತು ಕಳೆದ ಮೇಲೆ ಕುಡಿಯುವುದು. ಬೆಳಿಗ್ಗೆ ಮಾಡಿ ಫ್ರಿಜ್‌ನಲ್ಲಿಟ್ಟ ಪಾನೀಯ ಸಂಜೆಯ ಹೊತ್ತಿಗೆ ಮೇಲ್ಭಾಗದಲ್ಲಿ ಕಂದಾಗಿ, ಕಹಿ ತಿರುಗಿರುತ್ತದೆ.

ನೀಲಿಲೋಟ

ಬೀಜದ ಪೊರೆಯನ್ನು ನಾನು ಬಿಡಿಸುತ್ತಲೇ ಇರಲಿಲ್ಲ, ಅದರಿಂದ ಏನಾಗುತ್ತದೆ ಎಂದು ಯೋಚಿಸಿಯೂ ಇರಲಿಲ್ಲ. ಕಂದಾಗುವುದನ್ನು ತಡೆಯಲು ಬೀಜವನ್ನು ಜಗ್‌ನಲ್ಲೇ ಹಾಕಿಡಬೇಕು ಎಂದು ಒಬ್ಬರು ಹೇಳಿದ್ದರು. ಅದು ನಿಜವೇ?

ಜರಡಿ

ಬೀಜಕ್ಕೆ ಅಂತಹ ಶಕ್ತಿಯೇನೂ ಇಲ್ಲ. ಹೆಚ್ಚಿದ ತಿರುಳು ಕಂದಾಗುವುದು ಅದರೊಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಮತ್ತು ಗಾಳಿಯ ಆಮ್ಲಜನಕ ಸೇರಿ ಮಾಡುವ ಕೆಲಸದಿಂದ. ಅರ್ಧ ಹಣ್ಣಿನಲ್ಲಿ ಬೀಜ ಬಿಟ್ಟರೆ ಅದರ ಅಡಿಯಲ್ಲಿರುವ ಭಾಗ ಹಸಿರಾಗಿರುವುದು ಅಲ್ಲಿಗೆ ಗಾಳಿ ತಾಕದ ಕಾರಣ ಮಾತ್ರ. ಜಗ್‌ನ ತಳದಲ್ಲಿ ಮುಳುಗಿರುವ ಬೀಜ ಮೇಲ್ಭಾಗಕ್ಕೆ ತಾಕುವ ಗಾಳಿಯನ್ನು ತಡೆಯುವುದಾದರೂ ಹೇಗೆ? ಇಡಲೇಬೇಕಾದರೆ ಬಾಯಿ ಕಿರಿದಾದ ಬಾಟಲಿಯಲ್ಲಿ ಕಂಠದವರೆಗೆ ತುಂಬಿ, ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ. ಹುಳಿಯಿದ್ದಾಗ ಆ ಕಿಣ್ವದ ಚುರುಕು ಕುಂದುವುದರಿಂದ ನಿಂಬೆರಸವೂ ನೆರವಾಗುತ್ತದೆ.

ಗಡಿಬಿಡಿ

ಹಾಲಿಗೆ ನಿಂಬೆರಸವೇ! ಪಾನೀಯದ ಬದಲು ಪನೀರ್ ಸಿಗುತ್ತದೆ.

ಜರಡಿ

ಇಡೀ ನಿಂಬೆಹಣ್ಣು ಹಿಂಡಿದರೆ ಖಂಡಿತ ಒಡೆಯುತ್ತದೆ, ಅದನ್ನು ನಾನೂ ಹೇಳುತ್ತಿಲ್ಲ. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆ ಹಾಲಿನಲ್ಲಿ ಸುಮಾರು 6.7, ಅದು 4.6ರ ಸಮೀಪಕ್ಕೆ ಇಳಿದಾಗ ಹಾಲಿನ ಕೇಸೀನ್ ಎಂಬ ಪ್ರೋಟೀನ್ ಗಟ್ಟಿಕಟ್ಟಿ ಬೇರ್ಪಡುತ್ತದೆ, ಹಾಲು ಬಿಸಿಯಾಗಿದ್ದರೆ ಅದಕ್ಕೂ ಮೊದಲೇ ಒಡೆಯುತ್ತದೆ. ಎರಡು ಲೋಟದ ಅಳತೆಗೆ ಕಾಲು ಚಮಚ ರಸವನ್ನು ತಿರುಳಿಗೆ ಹಾಕಿ ರುಬ್ಬಿ, ಆಮೇಲೆ ತಣ್ಣನೆಯ ಹಾಲು ಸೇರಿಸಿದರೆ ಒಡೆಯುವುದಿಲ್ಲ. ಅಷ್ಟು ಹುಳಿ ನಾಲಗೆಗೆ ತಿಳಿಯುವುದೂ ಇಲ್ಲ.

ಹಾಲುಜೇನು

ಮಾಡಿದ ತಕ್ಷಣ ಕುಡಿದರೆ ನಿಂಬೆರಸವೂ ಬೇಡ, ಬಾಟಲಿಯೂ ಬೇಡ. ಇಷ್ಟು ಸಣ್ಣ ಕೆಲಸವನ್ನು ನೀವೆಲ್ಲ ಪ್ರಯೋಗಾಲಯದ ಮಟ್ಟಕ್ಕೆ ಒಯ್ದಿದ್ದೀರಿ.

ಮಿಕ್ಸಿಮಾತು

ಆ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಈ ಪಾನೀಯವನ್ನು ಕಾದಿರಿಸುವುದಕ್ಕಿಂತ ತಿರುಳನ್ನೇ ಕಾದಿರಿಸುವುದು ಜಾಣತನ. ಹಣ್ಣುಗಳೆಲ್ಲ ಒಂದೇ ದಿನ ಹದಕ್ಕೆ ಬಂದುಬಿಟ್ಟಾಗ ತಿರುಳನ್ನು ತೆಗೆದು, ಸ್ವಲ್ಪ ನಿಂಬೆರಸದೊಂದಿಗೆ ಕಿವುಚಿ, ಐಸ್ ಟ್ರೇಯಲ್ಲಿ ತುಂಬಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಮೇಲೆ ಬಿಲ್ಲೆಗಳನ್ನು ಗಾಳಿಯಾಡದ ಚೀಲಕ್ಕೆ ವರ್ಗಾಯಿಸಿದರೆ ತಿಂಗಳುಗಟ್ಟಲೆ ಉಳಿಯುತ್ತವೆ. ಹೀಗೆ ಹೆಪ್ಪುಗಟ್ಟಿಸಿದ ಹಣ್ಣು ಹೋಳು ಮಾಡಿ ತಿನ್ನಲು ಯೋಗ್ಯವಲ್ಲ, ಕರಗಿದಾಗ ಮೆದುವಾಗಿ ನೀರು ಬಿಡುತ್ತದೆ. ರುಬ್ಬುವುದಕ್ಕೆ ಮಾತ್ರ ಏನೂ ಅಡ್ಡಿಯಿಲ್ಲ. ಇದರಲ್ಲಿ ಇನ್ನೊಂದು ಲಾಭವೂ ಇದೆ. ತಣ್ಣಗಾಗಲೆಂದು ಐಸ್ ಹಾಕಿದರೆ ಅದು ಕರಗಿ ಪಾನೀಯ ತೆಳುವಾಗುತ್ತದೆ, ತಿರುಳಿನ ಬಿಲ್ಲೆಗಳೇ ಐಸಿನ ಕೆಲಸ ಮಾಡಿದರೆ ನೀರು ಸೇರುವ ಪ್ರಶ್ನೆಯೇ ಇಲ್ಲ. ಆದರೆ ಚಿಕ್ಕ ಮಿಕ್ಸಿಯಾದರೆ ಬಿಲ್ಲೆಗಳನ್ನು ಹತ್ತು ನಿಮಿಷ ಹೊರಗಿಟ್ಟು, ಅಂಚು ಮೆತ್ತಗಾದ ಮೇಲೆ ಹಾಕಿ. ಕಲ್ಲಿನಂತಿರುವುದನ್ನು ಹಾಕಿದರೆ ಮೋಟಾರು ಗೊಣಗುತ್ತದೆ.

ನೀಲಿಲೋಟ

ಹಾಗಾದರೆ ಕಾಯಿಯನ್ನೇ ತಂದು ಫ್ರಿಜ್‌ನಲ್ಲಿಟ್ಟು, ಬೇಕಾದಾಗ ಒಂದೊಂದೇ ಹಣ್ಣು ಮಾಡಿಕೊಳ್ಳಬಹುದಲ್ಲವೇ?

ತೋಟದ ದಾರಿ

ದಯವಿಟ್ಟು ಹಾಗೆ ಮಾಡಬೇಡಿ. ಕಾಯಿಯಾಗಿರುವಾಗ ಬಹಳ ದಿನ ತಂಪಿನಲ್ಲಿಟ್ಟರೆ ಅದು ಹಣ್ಣಾಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಹೊರತೆಗೆದ ಮೇಲೂ ಸಮನಾಗಿ ಮೆತ್ತಗಾಗದೆ, ತಿರುಳು ಬೂದು ಬಣ್ಣಕ್ಕೆ ತಿರುಗಿ, ಒಳಗಿನ ನಾಳಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ. ಕಾಯಿ ಹೊರಗಿರಬೇಕು, ಹಣ್ಣಾದ ಮೇಲೆ ಫ್ರಿಜ್ ಸೇರಬೇಕು; ಅಲ್ಲಿ ಎರಡು ಮೂರು ದಿನ ಚೆನ್ನಾಗಿಯೇ ಇರುತ್ತದೆ. ಬೇಗ ಹಣ್ಣಾಗಬೇಕಿದ್ದರೆ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಸುತ್ತಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಚೀಲದೊಳಗೇ ಉಳಿದು ಇದನ್ನೂ ಹಣ್ಣು ಮಾಡುತ್ತದೆ. ಪ್ಲಾಸ್ಟಿಕ್ ಚೀಲವಾದರೆ ತೇವ ಕಟ್ಟಿಕೊಂಡು ತೊಟ್ಟಿನ ಬಳಿ ಬೂಷ್ಟು ಹಿಡಿಯುತ್ತದೆ.

ಅಳತೆಗೋಲು

ಓವನ್‌ನಲ್ಲಿ ಹತ್ತು ನಿಮಿಷ ಬಿಸಿ ಮಾಡಿದರೆ ಕಾಯಿ ಹಣ್ಣಾಗುತ್ತದೆ ಎಂದು ಎಲ್ಲೋ ಓದಿದ್ದೆ.

ಜರಡಿ

ಮೆತ್ತಗಾಗುವುದೇ ಬೇರೆ, ಹಣ್ಣಾಗುವುದೇ ಬೇರೆ. ಬಿಸಿ ತಾಕಿದರೆ ಕಹಿ ಬರುತ್ತದೆ ಎಂದು ಮೇಲೆಯೇ ಚರ್ಚೆಯಾಗಿದೆ. ಅಂತಹ ಕಾಯಿಯಿಂದ ಪಾನೀಯ ಮಾಡುವುದಕ್ಕಿಂತ ಬರಿಯ ಹಾಲು ಕುಡಿಯುವುದು ಲೇಸು.

ಬಿಳಿಗೋಡೆ

ಹಾಲು ಹಿಡಿಸದವರು ಏನು ಮಾಡಬೇಕು ಎಂದು ಯಾರಾದರೂ ಹೇಳುವಿರಾ? ನೀರಿನಲ್ಲಿ ಮಾಡಿದರೆ ಬಹಳ ಸಪ್ಪೆಯಾಗುತ್ತದೆ.

ಸಕ್ಕರೆ ಬೇಡ

ಬಾದಾಮಿ ಹಾಲು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ನೆನೆಸಿ ಸಿಪ್ಪೆ ಸುಲಿದ ಬಾದಾಮಿಯನ್ನು ನೀರಿನೊಂದಿಗೆ ರುಬ್ಬಿ ಸೋಸಿಕೊಂಡರಾಯಿತು. ಸೋಯಾ ಹಾಲಿನಲ್ಲಿ ದಟ್ಟತೆ ಬರುತ್ತದೆ, ಆದರೆ ಅದರ ವಾಸನೆ ಎದ್ದು ಕಾಣುವುದರಿಂದ ಏಲಕ್ಕಿ ಬೇಕಾಗುತ್ತದೆ. ತೆಂಗಿನ ಹಾಲನ್ನು ಗಟ್ಟಿಯಾಗಿ ಹಾಕಿದರೆ ಜಿಡ್ಡಿನ ಮೇಲೆ ಜಿಡ್ಡು ಸೇರಿ ಅರ್ಧ ಲೋಟಕ್ಕೇ ಸಾಕೆನಿಸುತ್ತದೆ, ಒಂದು ಪಾಲಿಗೆ ಎರಡು ಪಾಲು ನೀರು ಬೆರೆಸಿ ಹಾಕಿ. ಬರಿಯ ನೀರಿನಲ್ಲೇ ಮಾಡುವುದಾದರೆ ಅರ್ಧ ಬಾಳೆಹಣ್ಣು ಮತ್ತು ಚಿಟಿಕೆ ಉಪ್ಪು ಸೇರಿಸಿ ನೋಡಿ.

ಅಳತೆಗೋಲು

ಬಾಳೆಹಣ್ಣಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ರಬ್ಬರ್ ಕೈಗವಸು, ಬಲೂನುಗಳಲ್ಲಿರುವ ಲ್ಯಾಟೆಕ್ಸ್‌ಗೆ ಅಲರ್ಜಿ ಇರುವವರಲ್ಲಿ ಕೆಲವರಿಗೆ ಬೆಣ್ಣೆಹಣ್ಣು, ಬಾಳೆಹಣ್ಣು, ಕಿವಿ ಹಣ್ಣುಗಳೂ ಆಗಿಬರುವುದಿಲ್ಲ. ಕುಡಿದ ಮೇಲೆ ತುಟಿ, ಗಂಟಲು ತುರಿಸಿದರೆ ಹಾಲನ್ನು ದೂರಿ ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು. ಈ ತಿರುಳಿನ 100 ಗ್ರಾಂನಲ್ಲಿ ಸುಮಾರು 485 ಮಿಲಿಗ್ರಾಂ ಪೊಟ್ಯಾಸಿಯಂ ಇರುವುದರಿಂದ, ಮೂತ್ರಪಿಂಡದ ತೊಂದರೆಯಿದ್ದು ಪೊಟ್ಯಾಸಿಯಂ ಮಿತಿಗೊಳಿಸಬೇಕಾದವರು ಕೂಡ ಕೇಳಿಕೊಂಡೇ ಕುಡಿಯುವುದು ಒಳ್ಳೆಯದು. ಮನೆಯಲ್ಲಿ ಗಿಳಿ, ಪಾರಿವಾಳ ಸಾಕಿದವರು ಉಳಿದ ತಿರುಳನ್ನು ಅವುಗಳ ಬಟ್ಟಲಿಗೆ ಹಾಕಬಾರದು. ಈ ಗಿಡದಲ್ಲಿರುವ ಪರ್ಸಿನ್ ಎಂಬ ವಸ್ತು ಮನುಷ್ಯರಿಗೆ ತೊಂದರೆ ಕೊಡದಿದ್ದರೂ ಪಕ್ಷಿಗಳಿಗೆ ವಿಷವಾಗುತ್ತದೆ.

ಗಡಿಬಿಡಿ

ಒಂದು ಲೋಟ ಪಾನೀಯ ಕುಡಿಯಲು ಈಗ ಧೈರ್ಯ ಬೇಕಾಗಿದೆ. ಬೀಜವನ್ನು ಪುಡಿ ಮಾಡಿ ಹಾಕಿದರೆ ಪೌಷ್ಟಿಕ ಎಂದು ಸಾರುವವರಿಗೂ ಯಾರಾದರೂ ಉತ್ತರ ಕೊಡಿ.

ಅಳತೆಗೋಲು

ತಿರುಳನ್ನು ಜನ ಸಾವಿರಾರು ವರ್ಷಗಳಿಂದ ತಿನ್ನುತ್ತಾ ಬಂದಿದ್ದಾರೆ, ಬೀಜದ ಬಗ್ಗೆ ಹಾಗೆ ಹೇಳಲಾಗುವುದಿಲ್ಲ. ಅದನ್ನು ಆಹಾರವಾಗಿ ಬಳಸುವುದು ಸುರಕ್ಷಿತ ಎಂದು ಸ್ಥಾಪಿತವಾಗಿಲ್ಲ. ಅದಿರಲಿ, ಅಷ್ಟು ಗಟ್ಟಿಯಾದ ಬೀಜವನ್ನು ಮಿಕ್ಸಿಗೆ ಹಾಕಿದರೆ ಬ್ಲೇಡಿಗೂ ಕೇಡು, ಪಾನೀಯಕ್ಕೂ ಕಹಿ.

ಚಮಚ

ಬೀಜ ತೆಗೆಯುವ ಬಗೆಯನ್ನೂ ಹೇಳಬೇಕು. ಅಂಗೈಯಲ್ಲಿ ಅರ್ಧ ಹಣ್ಣು ಹಿಡಿದು, ಬೀಜಕ್ಕೆ ಕತ್ತಿಯಿಂದ ಹೊಡೆದು ತಿರುಚಿ ತೆಗೆಯುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ಕತ್ತಿ ಜಾರಿ ಅಂಗೈಯನ್ನೇ ಸೀಳಿಕೊಂಡವರಿದ್ದಾರೆ. ಹೋಳುಗಳನ್ನು ಅಂದವಾಗಿ ಜೋಡಿಸಬೇಕಿದ್ದರೆ ಆ ಕಸರತ್ತಿಗೆ ಏನಾದರೂ ಅರ್ಥವಿದೆ, ಹೇಗಿದ್ದರೂ ರುಬ್ಬುವ ತಿರುಳಿಗೆ ಅದೆಲ್ಲ ಏತಕ್ಕೆ? ಹಣ್ಣನ್ನು ಹಲಗೆಯ ಮೇಲಿಟ್ಟು ಉದ್ದಕ್ಕೆ ಸುತ್ತಲೂ ಸೀಳಿ, ಎರಡು ಹೋಳುಗಳನ್ನು ತಿರುಚಿ ಬಿಡಿಸಿ, ಬೀಜದ ಕೆಳಗೆ ಚಮಚ ತೂರಿಸಿ ಎಬ್ಬಿಸಿ. ಅದೇ ಚಮಚದಿಂದ ಸಿಪ್ಪೆಗೆ ತೀರ ಅಂಟಿದ ಪದರವನ್ನು ಬಿಟ್ಟು ತಿರುಳನ್ನು ಎತ್ತಿ. ಹಣ್ಣಿನ ಸಿಪ್ಪೆಯನ್ನು ಸೀಳುವ ಮೊದಲೇ ತೊಳೆದಿರಬೇಕು, ಇಲ್ಲದಿದ್ದರೆ ಹೊರಗಿನ ಮಣ್ಣನ್ನು ಕತ್ತಿಯೇ ಒಳಗೆ ಒಯ್ಯುತ್ತದೆ.

ನೀಲಿಲೋಟ

ಈಗ ಮನೆಯಲ್ಲಿರುವ ಹಣ್ಣು ತೊಟ್ಟಿನ ಬಳಿಯೂ ಮೆತ್ತಗಾಗಿದೆ. ಆದರೆ ಸೀಳಿದಾಗ ಒಳಗೆ ಕೂದಲಿನಂತಹ ನಾರುಗಳು ಕಾಣುತ್ತಿವೆ. ಬಣ್ಣ ಚೆನ್ನಾಗಿದೆ, ಕಹಿಯೂ ಇಲ್ಲ. ಇದನ್ನು ಬಳಸಬಹುದೇ, ಇಲ್ಲವೇ ಬಿಡಬೇಕೇ?

ಜರಡಿ

ಖಂಡಿತ ಬಳಸಿ. ಕೆಲವು ಮರಗಳ ಹಣ್ಣಿನಲ್ಲಿ ನಾರು ಹೆಚ್ಚಿರುತ್ತದೆ, ಹದ ಮೀರಿದ ಹಣ್ಣಿನಲ್ಲೂ ಅದು ಎದ್ದು ಕಾಣುತ್ತದೆ. ಮಿಕ್ಸಿ ಅದನ್ನು ತುಂಡರಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಹಾಲು ಸೇರಿಸುವ ಮೊದಲು, ಮುದ್ದೆಯಾಗಿರುವಾಗಲೇ ಜರಡಿಗೆ ಹಾಕಿ ಚಮಚದ ಬೆನ್ನಿನಿಂದ ಒತ್ತಿ ಇಳಿಸಿ. ನಾರೆಲ್ಲ ಮೇಲೆ ಉಳಿಯುತ್ತದೆ.

ಹಾಲುಜೇನು

ಸೋಸಿದ ಮೇಲೆ ಮೇಲೊಂದು ಚಮಚ ಕೆನೆ ಹಾಕುವುದನ್ನು ಮರೆಯಬೇಡಿ.

ಸಕ್ಕರೆ ಬೇಡ

ನೀಲಿಲೋಟ ಅವರೇ, ಮೊದಲು ಕೆನೆಯಿಲ್ಲದೆ ಒಂದು ಗುಟುಕು ಕುಡಿದು ನೋಡಿ, ಆಮೇಲೆ ಬೇಕೆನಿಸಿದರೆ ಹಾಕಿಕೊಳ್ಳಿ. ಸೋಸುವಾಗ ಒಂದಿಷ್ಟು ತಿರುಳು ಜರಡಿಯಲ್ಲೇ ಉಳಿಯುವುದರಿಂದ ಈ ಸಲ ಹಾಲು 250 ಮಿಲಿಲೀಟರ್ ಸಾಕು.